ಪಾದ್ರಿಯ ಪಂಕ್ತಿ: ಒಂದು ಭೋಜನ ಮೀಮಾಂಸೆ

ಅಥಾತೋ ಭೋಜನಜಿಜ್ಞಾಸಾ. ಸುವಾರ್ತೆ ಹೊತ್ತು ಪರದೇಶಕ್ಕೆ ಹೋದವರು ಎಷ್ಟು ಮಂದಿಯನ್ನು ಮತಾಂತರಿಸಿದರು ಎಂದು ಪಂಡಿತರು ಕಪಾಟುಗಟ್ಟಲೆ ಬರೆದಿದ್ದಾರೆ. ಉಣಬಡಿಸಿದ ಊರಿನವರು ಎಷ್ಟು ಪಾದ್ರಿಗಳನ್ನು ಮತಾಂತರಿಸಿದರು ಎಂಬ ಲೆಕ್ಕ ಮಾತ್ರ ಯಾರಿಗೂ ಬೇಕಾಗಿಲ್ಲ. ಈ ಪ್ರಬಂಧದ ಸಿದ್ಧಾಂತ ಇಷ್ಟೇ: ಒಟ್ಟಿಗೆ ಕೂತು ಉಂಡಲ್ಲಿ ಬಡಿಸಿದವನೇ ಗೆಲ್ಲುತ್ತಾನೆ, ಉಂಡವನು ಬದಲಾಗುತ್ತಾನೆ. ಪ್ರಮಾಣಗಳು ಮೂರು. ಎಲೆಯ ಮೇಲಿರುವುದು ಪ್ರತ್ಯಕ್ಷ, ಒಳಮನೆಯಿಂದ ಬರುವ ಒಗ್ಗರಣೆಯ ಘಮ ಅನುಮಾನ, ಕೊನೆಯ ತೇಗು ಶಬ್ದ. ಉಪಮಾನದಿಂದ ಹೊಟ್ಟೆ ತುಂಬದ್ದರಿಂದ ಅದನ್ನು ಕೈಬಿಡಲಾಗಿದೆ.

ಮೂಲಗ್ರಂಥವೇ ನಮ್ಮ ಪರವಾಗಿದೆ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಊರೂರಿಗೆ ಕಳಿಸುವಾಗ, ಬಡಿಸಿದ್ದನ್ನು ಉಣ್ಣಬೇಕೆಂದು ಅಪ್ಪಣೆ ಕೊಡುತ್ತಾನೆ. ರೋಗ ವಾಸಿಮಾಡಿ ದೇವರ ರಾಜ್ಯವನ್ನು ಸಾರುವ ಮಾತು ಬರುವುದು ಅದರ ಮರುವಾಕ್ಯದಲ್ಲಿ. ಮೊದಲು ಊಟ, ಆಮೇಲೆ ಬೋಧನೆ ಎಂಬ ಕ್ರಮವನ್ನು ಜಾಣರು ಗಮನಿಸಬೇಕು. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಇನ್ನೂ ಖಾರವಾಗಿದೆ. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಆರಾಮವಾಗಿ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದದ್ದೇ ತಡ, ಮೆಲ್ಲಗೆ ಬೇರೆಯಾದ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಕ್ರೈಸ್ತ ಸಭೆಯ ಆರಂಭದ ದೊಡ್ಡ ಜಗಳಗಳಲ್ಲೊಂದು ಪಂಕ್ತಿಭೇದದ್ದು ಎಂದರೆ ನಮ್ಮ ಕಡೆಯ ಓದುಗರಿಗೆ ಅಷ್ಟೇನೂ ಬೆರಗಾಗಲಿಕ್ಕಿಲ್ಲ.

ಇನ್ನು ಐತಿಹಾಸಿಕ ಪ್ರಮಾಣ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ರಾಬರ್ಟೊ ಡಿ ನೊಬಿಲಿ ಕಾವಿ ಉಟ್ಟ, ಮಾಂಸ ಬಿಟ್ಟ, ಬ್ರಾಹ್ಮಣ ಅಡುಗೆಯವನ ಕೈಯ ಅನ್ನ ತರಕಾರಿ ಉಂಡು ಸನ್ಯಾಸಿಯಂತೆ ಬದುಕಿದ. ಮತಾಂತರಗೊಂಡವರಿಗೆ ಜನಿವಾರ, ಶಿಖೆ, ಗಂಧ ನಡೆಯುತ್ತವೋ ಇಲ್ಲವೋ ಎಂಬ ವಾದ ರೋಮಿನವರೆಗೂ ಹೋಗಿ, 1623ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ಷರತ್ತು ಹಾಕಿ ಒಪ್ಪಿದರು. ಮೈಸೂರು ಸೀಮೆಯ ಸಾಕ್ಷಿ ಫ್ರಾನ್ಸಿನ ಪಾದ್ರಿ ಅಬ್ಬೆ ದುಬೊಯ್. 1792ರಲ್ಲಿ ಬಂದು, ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ಕ್ರೈಸ್ತರ ನಡುವೆ ನೆಲೆಸಿ, ಇಲ್ಲಿಯವರ ಉಡುಗೆ, ಊಟ, ನಡವಳಿಕೆಗಳನ್ನೆಲ್ಲ ತನ್ನವಾಗಿಸಿಕೊಂಡ ಈತ, 1823ರಲ್ಲಿ ಮರಳಿ ಹೋಗಿ ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಮೂವತ್ತೊಂದು ವರ್ಷದಲ್ಲಿ ನಿಸ್ಸಂದೇಹವಾಗಿ ಬದಲಾದವನು ಒಬ್ಬನೇ, ಅವನೇ. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗುವುದು ಕಷ್ಟ.

ಇಲ್ಲೊಬ್ಬ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ನೊಬಿಲಿ ಉಂಡದ್ದು ಎಲ್ಲರ ಜೊತೆ ಅಲ್ಲವಲ್ಲ? ಮೇಲುಜಾತಿಯವರ ಪಾದ್ರಿ ಬೇರೆ, ಕೆಳಜಾತಿಯವರ ನಡುವೆ ಕೆಲಸ ಮಾಡಲು ಪಂಡಾರಸ್ವಾಮಿಗಳು ಬೇರೆ ಎಂಬ ವ್ಯವಸ್ಥೆ ಅವನ ಮಧುರೆ ಮಿಶನ್ನಿನಿಂದಲೇ ಬಂತಲ್ಲ? ಆಕ್ಷೇಪ ನಿಜ, ಗಂಭೀರವೂ ಹೌದು. ಆದರೆ ಅದು ಸಿದ್ಧಾಂತವನ್ನು ಕೆಡವುವ ಬದಲು ಗಟ್ಟಿಮಾಡುತ್ತದೆ. ಅತಿಥಿಯ ಮತಾಂತರ ಎಷ್ಟು ಸಂಪೂರ್ಣವಾಯಿತೆಂದರೆ, ಅನ್ನದ ಜೊತೆ ಯಾರ ಪಕ್ಕ ಕೂರಬಾರದು ಎಂಬ ಪಾಠವೂ ಒಳಗಿಳಿಯಿತು. ಪೌಲ ಬೈದ ಆ ರೋಗ ಮಧುರೆಯಲ್ಲಿ ಎಲೆಯ ಮೇಲೆ ವಾಪಸು ಬಂತು. ಆತಿಥ್ಯವೆಂದರೆ ಬರೀ ಪಾಯಸ ಎಂದುಕೊಂಡವರು ಈ ಭಾಗವನ್ನು ಎರಡು ಸಲ ಓದಬಹುದು.

ಎರಡನೆಯ ಪೂರ್ವಪಕ್ಷಿ ಮಂಗಳೂರಿನವನು. 1834ರಲ್ಲಿ ಬಂದಿಳಿದ ಪ್ರೊಟೆಸ್ಟೆಂಟ್ ಬಾಸೆಲ್ ಮಿಶನ್ನಿನವರು ಜಾತಿಯ ಜೊತೆ ರಾಜಿಯಾಗಲಿಲ್ಲ, ಬಂಗಲೆಯಲ್ಲೇ ಇದ್ದರು, ಅವರನ್ನು ಯಾವ ಎಲೆ ಬದಲಿಸಿತು ಎಂದು ಅವನ ಸವಾಲು. ಉತ್ತರ: ಊರಿನ ಎಲೆಗೆ ಕೂರದವನು ತಾನೇ ಒಲೆ ಹೂಡಬೇಕಾಗುತ್ತದೆ. ಸಭೆಗೆ ಸೇರಿದವರಿಗೆ ಮನೆಯ ಪಂಕ್ತಿ ತಪ್ಪಿತು. ಬಿಲ್ಲವರಿಗೆ ಶೇಂದಿ ಇಳಿಸುವ ಕಸುಬೂ ತಪ್ಪಿತು. ಅವರ ಅನ್ನಕ್ಕೆ ದಾರಿ ಮಾಡಲು ಮಿಶನ್ನಿನವರು ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆತ್ಮದ ಉದ್ಧಾರಕ್ಕೆ ಬಂದವರು ಜೇಡಿಮಣ್ಣು, ಭಟ್ಟಿ, ಸಂಬಳದ ಪಟ್ಟಿ ನೋಡಿಕೊಳ್ಳುವ ಕಾರ್ಖಾನೆದಾರರಾದರು. ಇದು ಬದಲಾವಣೆಯಲ್ಲದಿದ್ದರೆ ಮತ್ತೇನು? ಅವರ ದೇವರನ್ನು ಒಪ್ಪದ ಎಷ್ಟೋ ಮನೆಗಳ ಮಾಡಿನ ಮೇಲೂ ಅವರ ಹೆಂಚು ಕೂತಿತು.

ಆರಾಧನೆಯ ವಿಷಯ ಬೇರೆ ಎನ್ನುವವರು ಕರಾವಳಿಯ ಕ್ಯಾಥೊಲಿಕರ ಸೆಪ್ಟೆಂಬರ್ 8ನ್ನು ನೋಡಲಿ. ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅರ್ಪಿಸುತ್ತಾರೆ, ಪಾದ್ರಿ ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ. ಮನೆಯಲ್ಲಿ ಆ ಭತ್ತ ಸುಲಿದು, ಪುಡಿ ಮಾಡಿ ಹಾಲಿಗೆ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬಳಿಕ ಬಾಳೆಎಲೆಯ ಮೇಲೆ ಬೆಸಸಂಖ್ಯೆಯ ತರಕಾರಿ ಪಲ್ಯಗಳು. ಹಂದಿಮಾಂಸಕ್ಕೆ ಹೆಸರಾದ ಸಮುದಾಯ ಆ ಒಂದು ದಿನ ಮೀನನ್ನೂ ಮುಟ್ಟುವುದಿಲ್ಲ. ಪಕ್ಕದ ಮನೆಯ ತುಳುವರ ತೆನೆಹಬ್ಬಕ್ಕೂ ಇದಕ್ಕೂ ನಡುವೆ ಇರುವುದು ಒಂದು ಬೇಲಿ ಅಷ್ಟೆ. ಪ್ರೊಟೆಸ್ಟೆಂಟರ ಬೆಳೆ ಹಬ್ಬದ ಏಲಂನಲ್ಲಿ ಒಂದು ಸೌತೆಕಾಯಿ ಪೇಟೆಯ ದರವನ್ನು ಮೀರಿ ಮೇಲೇರುವಾಗ, ಕೂಗುವವನ ಉತ್ಸಾಹ ಬಾಸೆಲ್‌ನಿಂದ ಬಂದದ್ದೆಂದು ಯಾರೂ ವಾದಿಸಲಾರರು.

ಉಳಿದದ್ದು ಇಂದಿನ ಎರಡು ವಾರದ ಮಿಶನ್ ಯಾತ್ರಿಕರು. ಬಾಟಲಿ ನೀರು, ಬಿಸ್ಕತ್ತು, ಹೊಟ್ಟೆ ಕೆಟ್ಟರೆ ಇರಲೆಂದು ಮಾತ್ರೆ, ಎಲ್ಲ ಚೀಲದಲ್ಲೇ ಇಟ್ಟುಕೊಂಡು ಬಂದು, ಬಡಿಸಿದ ಎಲೆಯೆದುರು ಕೈಮುಗಿದು ಫೋಟೊ ತೆಗೆಸಿಕೊಂಡು ಎದ್ದುಹೋಗುವವರನ್ನು ಈ ಅಧ್ಯಯನದ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಎರಡನೇ ಸಲ ಸಾರು ಕೇಳಿದವರಿಗೆ ಪ್ರತ್ಯೇಕ ಅನುಬಂಧ ಬೇಕಾದೀತು.