ಮೇಜಿನ ಮೇಲಿನ ಮೇಜರ್ ಸಾಹೇಬ್ರು

ಹಾಸನದ ಮೇಜರ್ ಸಾಹೇಬ್ರು ಸೈನ್ಯದಲ್ಲಿ ಇದ್ದವರಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದು ನಿಜ. ಕ್ಯಾಂಪಿನಲ್ಲಿ ಬೋರಲು ಮಲಗಿ ಐದು ಗುಂಡು ಹೊಡೆದದ್ದೂ, ಅದರಲ್ಲೊಂದು ಪಕ್ಕದವನ ಗುರಿಹಲಗೆಗೆ ಬಿದ್ದದ್ದೂ ನಿಜ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸಿ, ನಿವೃತ್ತಿಯಾದ ಮರುದಿನವೇ ದೇಶದ ಗಡಿಯ ಚಾರ್ಜ್ ತೆಗೆದುಕೊಂಡರು. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಮೂಲೆ ಮೇಜು ಅವರ ಕಂಟ್ರೋಲ್ ರೂಮು. ಸಕ್ಕರೆ ಡಬ್ಬಿ ಸಿಯಾಲ್‌ಕೋಟ್, ಚೆಲ್ಲಿದ ನೀರು ರಾವಿ ನದಿ, ಖಾಲಿ ಲೋಟಗಳು ಟ್ಯಾಂಕ್ ರೆಜಿಮೆಂಟು. ಸಪ್ಲೈಯರ್ ಹುಡುಗ ಲೋಟ ಎತ್ತಿದರೆ, "ಏಯ್, ಒಂದು ಡಿವಿಷನ್ನೇ ಎತ್ಕೊಂಡ್ ಹೋದಲ್ಲೋ!" ಎಂದು ಗದರುತ್ತಾರೆ. ಬಿಲ್ಲು ಬರುವ ಹೊತ್ತಿಗೆ ಸರಿಯಾಗಿ ಕದನವಿರಾಮ ಘೋಷಣೆಯಾಗುತ್ತದೆ.

ಇವರ ಮಾತಿಗೆ ತಳಬುಡ ಇಲ್ಲ ಎನ್ನುವಂತೆಯೂ ಇಲ್ಲ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ, ಊರವರ ಬಾಯಲ್ಲಿ ಎಂಸಿಎಫ್. 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳ ಲಗಾಮು ಹಿಡಿದಿರುವ ಜಾಗ ಅದು. ನೌಕಾಪಡೆಗೆಂದು 2013ರ ಆಗಸ್ಟಿನಲ್ಲಿ ಹಾರಿದ ಜಿಸ್ಯಾಟ್-7, ವಾಯುಪಡೆಗೆಂದು 2018ರ ಡಿಸೆಂಬರಿನಲ್ಲಿ ಹಾರಿದ ಜಿಸ್ಯಾಟ್-7ಎ, ಎರಡೂ ಹಾರಿದ ಮೇಲೆ ಹಾಸನದ ಸುಪರ್ದಿಗೇ ಬಂದವು. ಹಾಗಾಗಿ, "ಶತ್ರು ಮೊದಲು ಹೊಡೆಯೋದು ಎಲ್ಲಿಗೆ? ನಮ್ಮೂರಿಗೇ ಕಣ್ರೀ!" ಎನ್ನುವಾಗ ಸಾಹೇಬ್ರ ಮುಖದಲ್ಲಿ ಭಯದ ಸುಳಿವಿರುವುದಿಲ್ಲ, ಜಂಬ ತುಳುಕುತ್ತಿರುತ್ತದೆ. 2025ರ ಮೇ 7ರಂದು ದೇಶದಾದ್ಯಂತ ಅಣಕು ಕವಾಯತು ನಡೆಸಲು ಕೇಂದ್ರ ಗೃಹ ಸಚಿವಾಲಯ ಹೇಳಿದಾಗ ಕರ್ನಾಟಕದಿಂದ ಬೆಂಗಳೂರು, ಕಾರವಾರ, ರಾಯಚೂರಿನ ಹೆಸರು ಬಂತು, ಹಾಸನದ್ದು ಬರಲಿಲ್ಲ. ಸಾಹೇಬ್ರು ಅವತ್ತು ಕಾಫಿ ಮುಟ್ಟಲಿಲ್ಲ. "ನಾವೇನು ಬಾಂಬ್ ಹಾಕಿಸ್ಕೊಳ್ಳೋಕೂ ಲಾಯಕ್ಕಿಲ್ವೇನ್ರೀ?" ಎಂದು ಕ್ಯಾಷಿಯರನನ್ನೇ ಕೇಳಿದರು.

ಈ ತಳಿ ಹಾಸನಕ್ಕಷ್ಟೇ ಸೀಮಿತವಲ್ಲ. ತಾಲ್ಲೂಕಿಗೊಬ್ಬರಂತೆ ಇದ್ದಾರೆ.

ಹೊಳೆನರಸೀಪುರದವರದು ರಾಜಕೀಯ ದಳ. ಅದೇ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾದದ್ದು 1996ರ ಜೂನ್ 1ರಂದು. ರಷ್ಯಾದೊಂದಿಗೆ ಸುಖೋಯ್-30 ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದೇ ವರ್ಷ ನವೆಂಬರ್ 30ರಂದು. ಈ ಎರಡು ತಾರೀಖುಗಳ ಬಲದ ಮೇಲೆ ಆಕಾಶದಲ್ಲಿ ಎಲ್ಲಿ ಸುಖೋಯ್ ಹಾರಿದರೂ ಅದು ಹೊಳೆನರಸೀಪುರದ್ದೇ ಎಂದು ಅವರು ನಂಬಿದ್ದಾರೆ.

ಅರಕಲಗೂಡಿನವರ ಜಮೀನು ಕೊಡಗಿನ ಗಡಿಗೆ ಹತ್ತಿರ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪ, 1957ರಿಂದ 61ರವರೆಗೆ ಮುಖ್ಯಸ್ಥರಾಗಿದ್ದ ತಿಮ್ಮಯ್ಯ, ಇಬ್ಬರೂ ಬೇಲಿಯಾಚೆಯವರು ಎಂಬುದೇ ಇವರ ಸೇವಾನುಭವ. ಆದರೆ ಯುದ್ಧತಂತ್ರ ಕಲಿತದ್ದು ಮಾತ್ರ ರಾಮನಾಥಪುರದ ತಂಬಾಕು ಹರಾಜಿನಲ್ಲಿ. ಎಷ್ಟೇ ಒತ್ತಾಯ ಮಾಡಿ, ದಾಳಿಗೆ ಇಳಿಯುವುದಿಲ್ಲ. "ತಡೀರಿ ಅಣ್ಣ, ರೇಟ್ ಬರ್ಲಿ."

ಚನ್ನರಾಯಪಟ್ಟಣದವರು ತೆಂಗಿನ ತೋಟದ ಯಜಮಾನರು. ಬಾಂಬು ಬಿದ್ದರೆ ಊರಿನವರೆಲ್ಲ ಬಾಗೂರು-ನವಿಲೆ ಸುರಂಗಕ್ಕೆ ಇಳಿಯಬೇಕು ಎಂಬುದು ಅವರ ಯೋಜನೆ. ಅದರಲ್ಲಿ ಹೇಮಾವತಿ ನೀರು ಹರಿಯುತ್ತದಲ್ಲ ಎಂದರೆ, "ಅದಕ್ಕೇ ಹೇಳಿದ್ದು, ತುಮಕೂರಿಗೆ ನೀರು ನಿಲ್ಸಿ ಅಂತ" ಎನ್ನುತ್ತಾರೆ. ಶತ್ರು ಎಂದಾಕ್ಷಣ ಅವರಿಗೆ ಮೊದಲು ನೆನಪಾಗುವುದು ಪಾಕಿಸ್ತಾನವಲ್ಲ.

ಹೀಗೆ ನಾಲ್ಕು ದಿಕ್ಕಿನಲ್ಲಿ ಚದುರಿಹೋಗಿದ್ದ ಸೈನ್ಯವನ್ನು ಭಾನುವಾರ ಭಾನುವಾರ ಸಾಹೇಬ್ರ ಮನೆಯ ಮೇಜಿಗೆ ತಂದದ್ದು ಅಮೆರಿಕದ ಒಂದು ಪೆಟ್ಟಿಗೆ. ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ, ಅಪ್ಪನ ವಾಟ್ಸಾಪ್ ವಾಗ್ಬಾಣಗಳಿಂದ ತಪ್ಪಿಸಿಕೊಳ್ಳಲು ಕಳಿಸಿದ್ದು. ಹೆಸರು 'ನೆಕ್ಸ್ಟ್ ವಾರ್: ಇಂಡಿಯಾ-ಪಾಕಿಸ್ತಾನ್'. ಮಿಚೆಲ್ ಲ್ಯಾಂಡ್ ಎಂಬವರು ರೂಪಿಸಿ, ಕ್ಯಾಲಿಫೋರ್ನಿಯಾದ ಜಿಎಂಟಿ ಗೇಮ್ಸ್ 2015ರಲ್ಲಿ ಹೊರತಂದ ಮಣೆಯಾಟ. ಕೊರಿಯಾ, ತೈವಾನ್‌ಗಳಲ್ಲಿ ನಡೆಯಬಹುದಾದ ಯುದ್ಧಗಳ ಮೇಲೂ ಇದೇ ಸಾಲಿನ ಆಟಗಳಿವೆ. ದೊಡ್ಡ ನಕ್ಷೆ, ಅದರ ತುಂಬ ಆರು ಮೂಲೆಯ ಮನೆಗಳು, ಬೆರಳುಗುರಿನಷ್ಟು ದೊಡ್ಡ ರಟ್ಟಿನ ಕಾಯಿಗಳು. ಒಂದೊಂದು ಕಾಯಿಯೂ ಒಂದೊಂದು ಪಡೆ. ಅದರ ಬಲ ಎಷ್ಟು, ಎಷ್ಟು ಮನೆ ನಡೆಯಬಲ್ಲದು ಎಂಬುದು ಅದರ ಮೇಲೇ ಅಂಕಿಯಲ್ಲಿದೆ. ಇಬ್ಬರ ಬಲ ತಾಳೆ ನೋಡಿ, ಹತ್ತು ಮುಖದ ದಾಳ ಉರುಳಿಸಿ, ಫಲಿತಾಂಶದ ಕೋಷ್ಟಕ ನೋಡಬೇಕು. ಅಮೆರಿಕ, ಚೀನಾ ಯಾರ ಪಕ್ಷ ವಹಿಸುತ್ತವೆ ಎಂಬುದಕ್ಕೂ ಲೆಕ್ಕವಿದೆ, ಅಣ್ವಸ್ತ್ರ ಎತ್ತಿದರೆ ಏನಾಗುತ್ತದೆ ಎಂಬುದಕ್ಕೂ ನಿಯಮವಿದೆ.

"ಸ್ವೆಟರ್ ಕಳಿಸ್ತಾನೆ ಅಂದ್ಕೊಂಡಿದ್ದೆ" ಎಂದರು ಸಾಹೇಬ್ರ ಮನೆಯವರು.

ಇದೇನು ಮಕ್ಕಳಾಟ ಎಂದು ಮೂಗು ಮುರಿಯುವಂತಿಲ್ಲ. 1812ರಲ್ಲಿ ಪ್ರಷ್ಯಾದ ರೈಸ್ವಿಟ್ಸ್ ಎಂಬಾತ ಯುದ್ಧದ ಆಟದ ಮೇಜೊಂದನ್ನು ತನ್ನ ದೊರೆಗೆ ಒಪ್ಪಿಸಿದ್ದ. ಅದನ್ನು 1824ರಲ್ಲಿ ಅವನ ಮಗ ತಿದ್ದಿ ತೋರಿಸಿದಾಗ ಸೇನಾ ಮುಖ್ಯಸ್ಥನೇ ಮೆಚ್ಚಿ ಅಧಿಕಾರಿಗಳಿಗೆ ಆಡಲು ಹೇಳಿದ. ವಿಜ್ಞಾನ ಕಾದಂಬರಿಗಳ ಎಚ್.ಜಿ. ವೆಲ್ಸ್ 1913ರಲ್ಲಿ ಆಟದ ಸೈನಿಕರ ಕಾಳಗಕ್ಕೆಂದೇ ಪುಸ್ತಕ ಬರೆದ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ಇಂಥ ಆಟವನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರಿದ. ಮಾರ್ಕ್ ಹರ್ಮನ್ 1983ರಲ್ಲಿ ಪರ್ಷಿಯನ್ ಕೊಲ್ಲಿಯ ಕಾಲ್ಪನಿಕ ಯುದ್ಧದ ಮೇಲೆ 'ಗಲ್ಫ್ ಸ್ಟ್ರೈಕ್' ಎಂಬ ಆಟ ಮಾಡಿದ್ದ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದ ದಿನವೇ ಪೆಂಟಗನ್‌ನಿಂದ ಅವನಿಗೆ ಕರೆ ಹೋಯಿತು. ಅಂಗಡಿಯಲ್ಲಿ ಮಾರಾಟಕ್ಕಿದ್ದ ಆಟವನ್ನೇ ಹರಡಿಕೊಂಡು ಅಧಿಕಾರಿಗಳು ಲೆಕ್ಕ ಹಾಕಿದರು. ಈ ಕಥೆ ಕೇಳಿದಂದಿನಿಂದ ಸಾಹೇಬ್ರು ಮೊಬೈಲನ್ನು ಸೈಲೆಂಟಿನಲ್ಲಿ ಇಡುವುದಿಲ್ಲ.

ನಮ್ಮ ಸೀಮೆಯ ಮೇಲ್ಪಂಕ್ತಿಯೂ ಅವರ ಬಳಿ ಇದೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಯಿಂದ ಕಿತ್ತುಕೊಂಡ ಮೇಲಿನ ವರ್ಷಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬಗೆಬಗೆಯ ಮಣೆಯಾಟಗಳನ್ನೂ ಚದುರಂಗದ ಕುದುರೆ ನಡೆಯ ಬಂಧಗಳನ್ನೂ ರಚಿಸುತ್ತ ಕುಳಿತರು. "ಅಧಿಕಾರ ಹೋದ್ಮೇಲೆ ಆಟ. ಅವರದ್ದೂ ನಂದೂ ಒಂದೇ ಕೇಸು" ಎಂದು ಸಾಹೇಬ್ರು ನಿಟ್ಟುಸಿರು ಬಿಡುತ್ತಾರೆ. ಒಡೆಯರು ಆಟದ ನಿಯಮಗಳನ್ನು ಬರೆದವರು, ಇವರು ಓದದವರು ಎಂಬ ವ್ಯತ್ಯಾಸ ಅವರಿಗೆ ದೊಡ್ಡದಾಗಿ ಕಂಡಿಲ್ಲ. ಪೆಟ್ಟಿಗೆಯಲ್ಲಿದ್ದ ನಿಯಮದ ಪುಸ್ತಕಗಳು ಪ್ಲಾಸ್ಟಿಕ್ ಸಮೇತ ಅಟ್ಟ ಸೇರಿದವು. "ಕೆಸಿಎಸ್‌ಆರ್ ಅರೆದು ಕುಡಿದವನಿಗೆ ಇದ್ಯಾವ ಲೆಕ್ಕ?"

ತೊಡಕು ಬಂದದ್ದು ಬೇರೆ ಕಡೆಯಿಂದ. ಆಟಕ್ಕೆ ಎರಡು ಪಕ್ಷ ಬೇಕು, ಪಾಕಿಸ್ತಾನವಾಗಲು ಯಾರೂ ತಯಾರಿಲ್ಲ. ಚೀಟಿ ಎತ್ತಿಸಿದರು. ಹೊಳೆನರಸೀಪುರದವರಿಗೆ ಬಂತು. "ಪಂಚಾಯ್ತಿ ಎಲೆಕ್ಷನ್ ಹತ್ರ ಐತೆ. ಯಾರಾದ್ರೂ ಫೋಟೋ ಹೊಡೆದು ಗ್ರೂಪಿಗೆ ಹಾಕ್ಬುಟ್ರೆ?" ಎಂದು ಚೀಟಿ ಮಡಚಿಟ್ಟರು. ಅರಕಲಗೂಡಿನವರು ಯೋಚನೆಗೆ ಒಂದು ವಾರ ಟೈಮ್ ಕೇಳಿದರು. ಚನ್ನರಾಯಪಟ್ಟಣದವರು, "ತುಮಕೂರು ಬೇಕಾದ್ರೆ ಆಡ್ತೀನಿ" ಎಂದರು. ಕಡೆಗೆ ನಾಲ್ವರೂ ಭಾರತವಾಗಿ ಖಾಲಿ ಕುರ್ಚಿಯ ವಿರುದ್ಧ ಯುದ್ಧಕ್ಕಿಳಿದರು. ಊಟದ ಹೊತ್ತಿಗೆ ಲಾಹೋರ್ ಸಿಕ್ಕಿತು. ಅಲ್ಲಿ ಬಾವುಟ ಹಾರಿಸುವವರು ಯಾರು ಎಂಬ ಜಗಳ ಸಂಜೆವರೆಗೂ ಹರಿಯಲಿಲ್ಲ.

ಕೊನೆಗೆ ಒಪ್ಪಿದವರು ಎಪಿಎಂಸಿಯಲ್ಲಿ ಬಿತ್ತನೆ ಆಲೂಗಡ್ಡೆ ಮಾರುವ ಸೇಟು. ಸೇಟು ಎಂದರೆ ಅಡ್ಡಹೆಸರು. ಅಪ್ಪಟ ಹಾಸನದ ಗೌಡರು. ಹಾಸನಕ್ಕೆ ಪ್ರತಿ ಮೇ ತಿಂಗಳಲ್ಲಿ ಬಿತ್ತನೆ ಗಡ್ಡೆ ಬರುವುದು ಎರಡೂವರೆ ಸಾವಿರ ಕಿಲೋಮೀಟರ್ ಆಚೆಯ ಪಂಜಾಬಿನ ಜಲಂಧರ್‌ನಿಂದ, ಅಲ್ಲಿನ ಕೋಲ್ಡ್ ಸ್ಟೋರೇಜುಗಳಿಂದ. 2025ರ ಮೇ 7ರಿಂದ 10ರವರೆಗೆ ಆಪರೇಷನ್ ಸಿಂಧೂರ ನಡೆದದ್ದೂ ಅದೇ ಹಂಗಾಮಿನಲ್ಲಿ. ಮೇ 8ರ ರಾತ್ರಿ ಕೆಲವು ಟಿವಿ ಚಾನೆಲ್‌ಗಳು ಕರಾಚಿ ಬಂದರನ್ನು ಮುಳುಗಿಸಿದ ಸುಳ್ಳು ಸುದ್ದಿ ಕೇಳಿ ಸಾಹೇಬ್ರು ಪಟಾಕಿ ಹುಡುಕುತ್ತಿದ್ದಾಗ, ಕತ್ತಲಲ್ಲಿ ಮುಳುಗಿದ್ದ ಜಲಂಧರ್‌ಗೆ ಸೇಟು ಮತ್ತೆ ಮತ್ತೆ ಫೋನ್ ಹಚ್ಚುತ್ತಿದ್ದರು. ಲಾರಿ ಹೊರಟಿತೋ ಇಲ್ಲವೋ ಎಂಬುದೊಂದೇ ಚಿಂತೆ. ಮೊದಲ ಮಳೆ ಬಿದ್ದು ಹೊಲ ಹದವಾದ ಮೇಲೆ ಗಡ್ಡೆ ಬಂದರೆ ಕೊಳ್ಳುವವರಾರು?

"ಯಾವ ಕಡೆ ಆದ್ರೇನಣ್ಣ, ರಟ್ಟು ತಾನೆ?" ಎಂದು ಸೇಟು ಖಾಲಿ ಕುರ್ಚಿಯಲ್ಲಿ ಕೂತರು. ಅಟ್ಟದ ಪುಸ್ತಕಗಳನ್ನು ಇಳಿಸಿಕೊಂಡು ಮನೆಗೆ ಒಯ್ದರು. ಮುಂದಿನ ಭಾನುವಾರ ಬಂದವರು ಟ್ಯಾಂಕುಗಳ ಕಡೆ ನೋಡಲೇ ಇಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ರಸ್ತೆ ಹಿಡಿದು ಹೋದರು.

"ಅಣ್ಣಾ, ನಿಮ್ಮೀ ಟ್ಯಾಂಕಿಗೆ ಡೀಸೆಲ್ ಯಾವ ರೋಡಲ್ಲಿ ಬತ್ತದೆ?"

"ಅದನ್ನೆಲ್ಲ ಕೆಳಗಿನವರು ನೋಡ್ಕೋತಾರೆ. ನೀನು ದಾಳ ಹಾಕು."

ದಾಳ ಬಿತ್ತು. ಸಾಹೇಬ್ರದು ಕೆಟ್ಟ ಗರ. "ನಂದು ಕಟ್ಟೆ ಮೇಲಿದೆ, ಕಡಿಯಂಗಿಲ್ಲ" ಎಂದು ಚೌಕಾಬಾರದ ಕಾನೂನು ತೆಗೆದರು. ಈ ಆಟದಲ್ಲಿ ಕಟ್ಟೆ ಇಲ್ಲ ಎಂದು ಸೇಟು ಪುಟ ತೋರಿಸಿದರು. "ದಾಳ ಮೇಜಿನ ಅಂಚಿಗೆ ತಾಗಿತು, ಲೆಕ್ಕಕ್ಕಿಲ್ಲ" ಎಂದು ಇನ್ನೊಮ್ಮೆ ಹಾಕಿದರು. ಅದೂ ಕೆಟ್ಟದ್ದು. ಮೂರನೆಯ ಸಲ ದಾಳವನ್ನು ಉರುಳಿಸಲಿಲ್ಲ, ಮೆಲ್ಲಗೆ ಇಟ್ಟರು.

ಈ ಕಲೆಯಲ್ಲಿ ಸಾಹೇಬ್ರಿಗೆ ಬಹಳ ದೊಡ್ಡ ಗುರುಗಳಿದ್ದಾರೆ. 1942ರ ಮೇ ತಿಂಗಳಲ್ಲಿ ಜಪಾನಿ ನೌಕಾಪಡೆಯವರು ಮಿಡ್‌ವೇ ದ್ವೀಪದ ದಾಳಿಯನ್ನು ಯಮಾಟೊ ಹಡಗಿನಲ್ಲಿ ಮೇಜಿನ ಮೇಲೆ ಆಡಿ ನೋಡಿದರು. ದಾಳ ಉರುಳಿತು. ತಮ್ಮ ವಿಮಾನವಾಹಕಗಳಿಗೆ ಒಂಬತ್ತು ಬಾಂಬು ಬಿದ್ದವು, ಅಕಾಗಿ ಮತ್ತು ಕಾಗಾ ಎರಡೂ ಮುಳುಗಿದವು ಎಂದು ತೀರ್ಪುಗಾರ ಬರೆದ. ಅಡ್ಮಿರಲ್ ಉಗಾಕಿ ಅದನ್ನು ಹೊಡೆದು ಹಾಕಿ ಮೂರೇ ಬಾಂಬು ಎಂದ. ಅಕಾಗಿ ಬದುಕಿತು. ಮುಳುಗಿದ್ದ ಕಾಗಾ ಮುಂದಿನ ಸುತ್ತಿನಲ್ಲಿ ಎದ್ದು ಬಂತು. ಜೂನ್ ತಿಂಗಳಲ್ಲಿ ನಿಜವಾದ ಮಿಡ್‌ವೇ ಕದನ ನಡೆದಾಗ ಎರಡೂ ಮುಳುಗಿದವು, ಜೊತೆಗೆ ಇನ್ನೆರಡು. 2002ರಲ್ಲಿ ಅಮೆರಿಕದವರು 'ಮಿಲೆನಿಯಮ್ ಚಾಲೆಂಜ್' ಎಂಬ ಭಾರಿ ಅಣಕು ಯುದ್ಧ ನಡೆಸಿದಾಗಲೂ ಇದೇ ಕಥೆ. ಶತ್ರುವಿನ ಪಾತ್ರ ವಹಿಸಿದ್ದ ನಿವೃತ್ತ ಜನರಲ್ ಪಾಲ್ ವಾನ್ ರೈಪರ್ ಹದಿನಾರು ಹಡಗು ಮುಳುಗಿಸಿದ. ಹಡಗುಗಳನ್ನು ಎತ್ತಿ ನಿಲ್ಲಿಸಿ ಆಟ ಮುಂದುವರಿಸಿದರು. ಬೇಸತ್ತ ವಾನ್ ರೈಪರ್ ನಡುವೆಯೇ ಕೈಬಿಟ್ಟ.

ಸೇಟು ಎದ್ದು ಹೋಗಲಿಲ್ಲ, ಇಟ್ಟ ದಾಳವನ್ನೂ ಒಪ್ಪಿಕೊಂಡರು. ಸಾಹೇಬ್ರ ಟ್ಯಾಂಕುಗಳು ಮೀಸೆ ತಿರುವುತ್ತ ಒಳನುಗ್ಗಿದವು. ಹೊಳೆನರಸೀಪುರದ ಸುಖೋಯ್‌ಗಳು ಎಲ್ಲರಿಗಿಂತ ಮುಂದೆ ಹೋದವು. ಅರಕಲಗೂಡಿನ ಬ್ರಿಗೇಡು ರೇಟು ಕಾಯುತ್ತ ಅಲ್ಲೇ ಉಳಿಯಿತು, ಚನ್ನರಾಯಪಟ್ಟಣದ್ದು ಪೂರ್ವಕ್ಕೆ ಮುಖ ಮಾಡಿ ನಿಂತಿತ್ತು. ಸೇಟು ಮೂರು ಸಣ್ಣ ಕಾಯಿಗಳನ್ನು ತಂದು ಹಿಂದಿನ ಮೂರು ರಸ್ತೆಗಳ ಕೂಡಿಗೆಯಲ್ಲಿ ಕೂರಿಸಿದರು. ಸರಬರಾಜಿನ ದಾರಿ ಕಡಿಯಿತು. ದಾರಿ ಕಡಿದ ಪಡೆಯ ಬಲ ಎಷ್ಟು ಇಳಿಯುತ್ತದೆಂದು ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದರು. "ಲಾರಿ ನಿಂತ್ರೆ ಎಲ್ಲಾ ನಿಂತಂಗೆ ಕಣಣ್ಣ. ಆಲೂಗಡ್ಡೆ ಆಗ್ಲಿ, ಟ್ಯಾಂಕ್ ಆಗ್ಲಿ."

ಒಳಗಿನಿಂದ ಮನೆಯವರ ದನಿ ಬಂತು: "ಗ್ಯಾಸ್ ಬುಕ್ ಮಾಡಿ ಅಂತ ಮೂರು ದಿನದಿಂದ ಬಡ್ಕೊಂಡೆ. ಇವತ್ತು ಕಾಫಿ ಇಲ್ಲ."

ಚನ್ನರಾಯಪಟ್ಟಣದವರು ಆಗ ತಮ್ಮ ತಾಲ್ಲೂಕಿನ ಮಾತು ತೆಗೆದರು. ಶ್ರವಣಬೆಳಗೊಳದಲ್ಲಿ ನಿಂತಿರುವ ಬಾಹುಬಲಿಯೂ ಅಣ್ಣ ಭರತನ ಎದುರು ದಂಡು ಕಟ್ಟಿಕೊಂಡೇ ಬಂದಿದ್ದವನು. ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರು ಯಾಕೆ ಸಾಯಬೇಕು ಎಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರು ಪಂದ್ಯದಲ್ಲೇ ಎಲ್ಲ ಇತ್ಯರ್ಥವಾಯಿತು. ಮೂರನ್ನೂ ಗೆದ್ದ ಬಾಹುಬಲಿ ರಾಜ್ಯ ಬಿಟ್ಟು ತಪಸ್ಸಿಗೆ ಹೋದ. ಆ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ನಿಜವಾದ ದಂಡನಾಯಕ, ಯುದ್ಧ ಕಂಡವನು. "ಈಗ ಸೇಟು ಗೆದ್ದವ್ರೆ. ಅವರು ತಪಸ್ಸಿಗೆ ಹೋಗ್ಬೇಕಲ್ವಾ?" ಎಂದರು. ಸೇಟು ಮಂಡಿಗೆ ಹೋದರು, ಲೋಡು ಬಂದಿತ್ತು.

ಅಂದಿನಿಂದ ಆ ಕುರ್ಚಿ ಮತ್ತೆ ಖಾಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸುತ್ತಮುತ್ತ ಭಾನುವಾರ ಬಿಡುವಿದ್ದು, ಪಾಕಿಸ್ತಾನದ ಕಡೆಯಿಂದ ಆಡಲು ಮನಸ್ಸಿರುವವರು ಯಾರಾದರೂ ಇದ್ದರೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಮೂಲೆ ಮೇಜಿನಲ್ಲಿ ಸಾಹೇಬ್ರನ್ನು ಕಾಣಬಹುದು. ಕಾಫಿ, ತಿಂಡಿ ಅವರದೇ. ಸೋಲುವುದಾಗಿ ಮೊದಲೇ ಬರೆದುಕೊಡಬೇಕು, ನಿಯಮದ ಪುಸ್ತಕ ಕೇಳಬಾರದು.