ಹಾಡಾವ ಎಲ್ಲಿ ಹ್ವಾದ?

(ರನ್ನ ಬೆಳಗಲಿಯ ಒಂದು ಕಟ್ಟಿ. ಮೊಬೈಲಿನಾಗ ‘ಶಾಫ್ಟ್’ ಸಿನಿಮಾಕ್ಕ 1971ರಾಗ ಐಸಾಕ್ ಹೇಯ್ಸ್ ಮಾಡಿದ ಫಂಕ್ ಸಂಗೀತ.)

ಕಾಕಾ: ಎರಡ ನಿಮಿಷ ಆತು. ಹಾಡಾವ ಎಲ್ಲಿ ಹ್ವಾದ?

ಹುಡುಗ: ಬರ್ತಾನ ತಡೀರಿ. ಮದ್ಲ ಗಿಟಾರ್ ಕೇಳ್ರಿ, ವಾ-ವಾ ಪೆಡಲ್!

ಕಾಕಾ: ಗಂಟಲಾಗ ಮುಳ್ಳ ಸಿಕ್ಕಾಂಗ ಒದರಾಕತ್ತೈತಿ.

ಹುಡುಗ: ಈ ಹಾಡಿಗೆ 1972ರಾಗ ಆಸ್ಕರ್ ಬಂತ್ರಿ.

ಕಾಕಾ: ಹೌದ? ನಾನೂ ಅದನ್ನ ಅಂದೆ, ಭಾಳ ಚಲೋ ಐತಿ!

ಹುಡುಗ: ಇಡೀ ಆಲ್ಬಮ್ಮಿನಾಗ ಹಾಡಿದ್ದು ಮೂರ ರೀ. ಉಳಿದದ್ದು ಬರೇ ವಾದ್ಯ.

ಕಾಕಾ: ‘ಗದಾಯುದ್ಧ’ ಬರದ ರನ್ನನ ಊರಾಗ ಮಾತಿಲ್ಲದ್ದು ನಡಿಯಂಗಿಲ್ಲ!

ಹುಡುಗ: ಜಾತ್ರ್ಯಾಗ ಕರಡಿ ಮಜಲಿಗೆ ಟವೆಲ್ ಬೀಸಿದ್ರೆಲ್ಲಾ, ಅದರಾಗ ಯಾವ ಮಾತಿತ್ರಿ? ಕರಡಿ, ಸನಾದಿ, ತಾಳ, ಅಷ್ಟ.

ಕಾಕಾ: (ಕಾಲು ತಾಳ ಹಾಕುತ್ತ) ಸೌಂಡ ಏರಸು. ಯಾರರ ಕೇಳಿದ್ರ, ಅಮೆರಿಕಾದ ಕರಡಿ ಮಜಲ ಅನ್ನು.