ಇನ್ನೊಂದು ಕೋಟು

ನಮ್ಮ ಕೆಳಮನೆಯ ಇಂಜಿನಿಯರ್ ರಾಯರ ಹಜಾರದಲ್ಲಿ ನಾಲ್ಕಡಿ ಉದ್ದದ ಅಕ್ವೇರಿಯಂ ಇದೆ. ಗಾಜು ಫಳಫಳ, ಪಂಪು ಗುಳುಗುಳು, ಮೀನು ಮಾತ್ರ ನಾಪತ್ತೆ. ಎರಡು ಗೋಲ್ಡ್‌ಫಿಶ್‌ಗಳು ಎಂಟು ತಿಂಗಳಿಂದ ಬಚ್ಚಲುಮನೆಯ ಬಕೆಟ್ಟಿನಲ್ಲಿ ಬಾಡಿಗೆಗಿವೆ. ಹಂಪಿಯ ಕಲ್ಲಿನ ರಥ ಸಿದ್ಧವಾಗದೆ ಅವುಗಳಿಗೆ ಗೃಹಪ್ರವೇಶವಿಲ್ಲ.

ಅಂಗಡಿಯಲ್ಲಿ ಸಿಗುವ, ಬಾಯಿ ತೆರೆದು ಮುಚ್ಚುವ ನಿಧಿಪೆಟ್ಟಿಗೆ ಕಂಡರೆ ರಾಯರಿಗೆ ಮೈಯೆಲ್ಲ ಉರಿ. "ನಮ್ಮ ಮೀನಿಗೆ ಕಡಲ್ಗಳ್ಳರ ಸಂಬಂಧ ಯಾಕ್ರೀ?" ಎಂದು 50 ರೂಪಾಯಿ ನೋಟಿನ ಹಿಂಬದಿಗೆ ಭೂತಗನ್ನಡಿ ಹಿಡಿದು ತಾವೇ ನಕ್ಷೆ ಬರೆದರು. ನೋಟಿನಲ್ಲಿಲ್ಲದ ಗೋಪುರವನ್ನೂ ಸೇರಿಸಿದರು. 1856ರಲ್ಲಿ ಗ್ರೀನ್‌ಲಾ ಎಂಬಾತ ತೆಗೆದ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ, ಆಮೇಲೆ ಅದನ್ನು ಕೆಡವಿದರು. ಆ ಅನ್ಯಾಯ ನಾಲ್ಕಡಿ ಗಾಜಿನೊಳಗಾದರೂ ಸರಿಯಾಗಬೇಕು.

ಮೊದಲ ರಥ ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ನೀರಿಗಿಳಿದ ಮೇಲೆ ಆನೆಗಳ ಸೊಂಡಿಲು ಸವೆದು ಹಂದಿಗಳಾದವು. ಎರಡನೆಯದು ಥರ್ಮಾಕೋಲ್. ಸ್ಪ್ರೇ ಪೇಂಟಿನ ಥಿನ್ನರು ಬಿದ್ದದ್ದೇ ತಡ, ಚಕ್ರಗಳು ಬಿಸಿ ಅನ್ನದ ಮೇಲಿನ ತುಪ್ಪದ ಹಾಗೆ ಕರಗಿದವು. ಮೂರನೆಯದಕ್ಕೆ ಥರ್ಮಾಕೋಲಿನ ಮೇಲೆ ತೆಳ್ಳಗೆ ನಾಲ್ಕು ಕೋಟು ಸಿಮೆಂಟು, ಆಮೇಲೆ 28 ದಿನ ಕ್ಯೂರಿಂಗ್. ಸರ್ವಿಸಿನಲ್ಲಿದ್ದಾಗ ರಾಯರು ಯಾವ ಮೋರಿಗೂ ಇಷ್ಟು ದಿನ ನೀರು ಕುಡಿಸಿದವರಲ್ಲ ಎಂಬುದು ನನ್ನ ಗುಮಾನಿ.

ಬಟ್ಟೆ ನೆನೆಸುವ ಟಬ್ಬು ರಥಕ್ಕೆ ಮೀಸಲಾಯಿತು. ಸಿಮೆಂಟಿನ ಸುಣ್ಣ ನೀರಿಗಿಳಿದರೆ ನೀರು ಕ್ಷಾರವಾಗಿ ಮೀನಿನ ಕಿವಿರು ಸುಡುತ್ತದೆ. ಹಾಗಾಗಿ ದಿನಾ ನೀರು ಬದಲಿಸುವುದು, ಗಾಜಿನ ಕೊಳವೆಗೆ ಆ ನೀರು ತುಂಬಿ ಮೂರು ಹನಿ ಔಷಧಿ ಬಿಟ್ಟು ಬೆಳಕಿಗೆ ಹಿಡಿಯುವುದು. ಹಸಿರಾದರೆ ಪಾಸು. ದಿನಾ ನೀಲಿ.

"ಇನ್ನೂ ಸುಣ್ಣ ಬಿಡ್ತಾ ಇದೆ ಕಣೇ."

"ಬಿಡಲಿ ರೀ, ಎಲೆ ಅಡಿಕೆ ನಾನು ತರ್ತೀನಿ," ಅಂತ ಒಳಗಿಂದ ಉತ್ತರ.

ಕ್ಷಾರ ಇಳಿಸಲು ಅಡುಗೆಮನೆಯ ವಿನೆಗರ್ ಬಾಟ್ಲಿಯೂ ಟಬ್ಬು ಸೇರಿತು. ಗಾಂಧೀಬಜಾರಿನ ಹಾರ್ಡ್‌ವೇರ್ ಅಂಗಡಿಗೆ ಸಿಲಿಕೋನ್ ತರಲು ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಹುಡುಗ ಒಂದು ಟ್ಯೂಬು ಕೊಟ್ಟ. ರಾಯರು ಕನ್ನಡಕ ಹಣೆಗೇರಿಸಿ ಇರುವೆಯಂಥ ಅಕ್ಷರಗಳನ್ನೆಲ್ಲ ಓದಿದರು. "ಬೂಷ್ಟು ತಡೆಯೋ ಔಷಧಿ ಹಾಕಿದಾರಲ್ಲಪ್ಪ, ಇದು ಬಾತ್‌ರೂಮಿಂದು. ಬೂಷ್ಟಿನ ಜೊತೆ ಮೀನೂ ಹೋಗುತ್ತೆ." ಹುಡುಗ, "ಸಾರ್, ನಿಮ್ಮ ಮೀನು ಎಲ್ಲಿದಾವೆ?" ಅಂದ. ರಾಯರು ಮೆಲ್ಲಗೆ, "ಬಾತ್‌ರೂಮಲ್ಲಿ," ಅಂದರು.

ಕೊನೆಗೆ ಸುಣ್ಣ ಹೊರಬರದಂತೆ ಸಿಮೆಂಟಿನ ಮೇಲೆ ಎಪಾಕ್ಸಿ. ರಾಳ ಮತ್ತು ಗಟ್ಟಿಕಾರಕಗಳನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿ ಬೆರೆಸಿದರು. ಮುಟ್ಟಿದರೆ ಅಂಟಲಿಲ್ಲ ಎಂದಮಾತ್ರಕ್ಕೆ ಒಣಗಿದಂತಲ್ಲವಂತೆ, ಏಳು ದಿನ ಕಾಯಬೇಕಂತೆ. ಏಳನೆಯ ದಿನ ಟಾರ್ಚು ಹಾಕಿ ನೋಡಿದರೆ ಆನೆಯ ಕಿವಿಯ ಹಿಂದೆ ಸೂಜಿಮೊನೆಯಷ್ಟು ತೂತು. "ಇನ್ನೊಂದು ಕೋಟು." ಮತ್ತೆ ಏಳು ದಿನ. ಇದೆಲ್ಲವೂ ಎಂ.ಬಿ.ಯಲ್ಲಿ, ಅಂದರೆ ಹಳೆಯ ಮೆಷರ್‌ಮೆಂಟ್ ಬುಕ್ಕಿನಲ್ಲಿ, ತಾರೀಖು ಸಮೇತ ದಾಖಲು.

ರಥೋತ್ಸವಕ್ಕೆ ವಠಾರಕ್ಕೆಲ್ಲ ಆಹ್ವಾನ ಹೋಯಿತು, ಕೇಸರೀಬಾತೂ ಆಯಿತು. ರಾಯರು ತೋಳು ಮಡಚಿ ರಥವನ್ನು ತಳದ ಮರಳಿನಲ್ಲಿ ಕೂರಿಸಿ ಕೈ ತೆಗೆದರು. ಕಲ್ಲಿನ ರಥ ಸಾವಕಾಶವಾಗಿ ಮೇಲೆದ್ದು, ಪಕ್ಕಕ್ಕೆ ವಾಲಿ, ತೆಪ್ಪೋತ್ಸವಕ್ಕೆ ಹೊರಟಿತು. ಒಳಗೆ ನಾಲ್ಕು ಲೀಟರಿನಷ್ಟು ಥರ್ಮಾಕೋಲ್, ಅಡಿಗೆ ಅಂಟಿಸಿದ್ದು ಮೂರು ಕೆ.ಜಿ. ಗ್ರಾನೈಟ್ ತುಂಡು, ಅದೂ ನೀರಿನಲ್ಲಿ ಎರಡು ಕೆ.ಜಿ.ಗೂ ಕಡಿಮೆ ತೂಗುವಂಥದ್ದು. ನಾವು ಯಾರೂ ನಗಲಿಲ್ಲ. ಕೇಸರೀಬಾತು ಬಾಯಲ್ಲಿತ್ತು.

"ರಾಮಸೇತು ಐದೇ ದಿನಕ್ಕೆ ಮುಗೀತಂತೆ ರೀ," ಅಂದರು ರಾಯರ ಮಡದಿ. "ಆ ಕಪಿಗಳೂ ಹಂಪಿ ಕಡೆಯವೇ."

ಮರುದಿನ ಬೆಳಗ್ಗೆ ಪೇಪರು ಕೇಳಲು ಹೋದೆ. ಮೀನುಗಳು ಅಕ್ವೇರಿಯಂನಲ್ಲಿದ್ದವು. ಬಕೆಟ್ಟು ಬೇಕಾಗಿತ್ತೆಂದು ಆಕೆಯೇ ರಾತ್ರಿ ಸಾಗಿಸಿದ್ದರಂತೆ. ಮರಳಿನ ಮೇಲೆ ಬೋರಲು ಹಾಕಿದ ಅರ್ಧ ತೆಂಗಿನ ಕರಟ, ಅಂಚಿನಲ್ಲಿ ಮುರಿದ ಬಾಗಿಲು. ಒಂದು ಮೀನು ಒಳಗೆ ಹೋಗಿ ಮೂತಿಯಷ್ಟೇ ಹೊರಗಿಟ್ಟಿತ್ತು.

ರಾಯರು ಎಂ.ಬಿ. ತೆರೆದು ಪೆನ್ನು ಹಿಡಿದು ಕೂತಿದ್ದರು.

"ಇದನ್ನ ಎಷ್ಟು ದಿನ ನೆನೆಹಾಕಿದ್ದೆ?"

"ಚಟ್ನಿಗೆ ತುರಿದೆ, ತಿಕ್ಕಿದೆ, ಕುದಿಸಿದೆ, ಹಾಕಿದೆ."

ರಾಯರು ಬಗ್ಗಿ ಕರಟವನ್ನು ಒಂದು ಸುತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಟಾರ್ಚು ಇದೆಯೇನ್ರೀ?" ಅಂದರು.